ಟೊಳ್ಳು ಕಂಬ, ಗಟ್ಟಿ ಕಂಬ

ಕಾರಿನ ಜಿಪಿಎಸ್ ಡಬ್ಬಿಯಲ್ಲಿ ಸ್ಯಾಟಲೈಟ್ ಪುಟ ತೆರೆದು ನೋಡಿದ್ದೀರಾ? ಸಾಲಾಗಿ ಕಂಬಗಳು ಕಾಣ್ತವೆ. ಎಷ್ಟೋ ಡಬ್ಬಿಗಳಲ್ಲಿ ಟೊಳ್ಳು ಕಂಬ ಅಂದ್ರೆ ಉಪಗ್ರಹದ ದನಿ ಕೇಳಿಸಿದೆ, ಆದರೆ ಅದು ಎಲ್ಲಿದೆ ಅನ್ನೋ ವಿವರ ಇನ್ನೂ ಪೂರ್ತಿ ಬಂದಿಲ್ಲ ಅಂತ. ಬಂದ ಮೇಲೆ ಕಂಬ ಗಟ್ಟಿಯಾಗುತ್ತೆ. ಇಂಥ 4 ಸಿಕ್ಕರೆ ನಾವಿರೋ ಜಾಗ, ಎತ್ತರ ಎರಡೂ ಲೆಕ್ಕಕ್ಕೆ ಸಿಗುತ್ತೆ.

ತಡ ಯಾಕೆ ಅಂತೀರಾ? ಸುಮಾರು 20,200 ಕಿ.ಮೀ. ಮೇಲಿಂದ ಬರೋ ಆ ವಿವರದ ವೇಗ ಸೆಕೆಂಡಿಗೆ ಬರೀ 50 ಬಿಟ್! ಉಪಗ್ರಹ ಅದನ್ನ 30 ಸೆಕೆಂಡಿಗೊಮ್ಮೆ ಹೇಳುತ್ತೆ. ನಡುವೆ ಮರವೋ ಫ್ಲೈಓವರೋ ಅಡ್ಡ ಬಂದ್ರೆ ತಪ್ಪಿದ ತುಂಡಿಗೆ ಮುಂದಿನ ಸುತ್ತು ಕಾಯಬೇಕು. ಮೊಬೈಲು ಇದನ್ನ ನೆಟ್‌ವರ್ಕಿಂದ ತಗೊಳ್ಳುತ್ತೆ, ಅದಕ್ಕೇ ಚುರುಕು. ನೆಟ್‌ವರ್ಕ್ ಇಲ್ಲದ ಡಬ್ಬಿ ಆಕಾಶವನ್ನೇ ನಂಬಬೇಕು.

ಹಾಗಾಗಿ ಘಾಟಿ ಹತ್ತೋ ಮುಂಚೆ, ಆಕಾಶ ಕಾಣೋ ಕಡೆ ಒಂದು ನಿಮಿಷ ಗಾಡಿ ನಿಲ್ಲಿಸಿ. ಡಬ್ಬಿಗೆ ಬೈಯೋದು ಆಮೇಲೆ :)