ಗಾಜಿನಾಚೆಯ ಕಡಲು

ಕಡಲ ಕರೆಯಲ್ಲಿ ಹುಟ್ಟಿದವರೆಲ್ಲ ಕಡಲನ್ನು ಬಲ್ಲವರೆಂದು ಘಟ್ಟದ ಮೇಲಿನವರು ತಿಳಿಯುವುದುಂಟು. ನಿಜವಾಗಿ ನಾವು ಬಲ್ಲದ್ದು ಕಡಲಿನ ಮೇಲ್ಮೈಯನ್ನು ಮತ್ತು ಮೀನು ಮಾರುವವಳ ಬುಟ್ಟಿಯನ್ನು. ಬುಟ್ಟಿಯಲ್ಲಿ ಬೂತಾಯಿ ಯಾವುದು, ಬಂಗುಡೆ ಯಾವುದು ಎಂದು ಕಣ್ಣು ಮುಚ್ಚಿ ಹೇಳಬಲ್ಲೆವು. ಅದೇ ಬೂತಾಯಿ ನೀರಿನಲ್ಲಿ ಹೇಗೆ ತಿರುಗುತ್ತದೆ, ಯಾರ ನೆರೆಯಲ್ಲಿ ಬಾಳುತ್ತದೆ ಎಂದು ಕೇಳಿದರೆ ಮೌನವೇ ಉತ್ತರ. ಮತ್ಸ್ಯಾಲಯಗಳು ಇರುವುದು ಈ ಮೌನವನ್ನು ಮುರಿಯುವುದಕ್ಕೆ. ಆದರೂ ಮತ್ಸ್ಯಾಲಯವೆಂದೊಡನೆ ನನ್ನ ಮನಸ್ಸು ಹಿಂಜರಿಯುತ್ತದೆ. ಎಲ್ಲೆಯಿಲ್ಲದ ನೀರಿನಲ್ಲಿ ಅಲೆಯುವ ಜೀವವನ್ನು ಗಾಜಿನ ಗೋಡೆಗಳ ನಡುವೆ ನಿಲ್ಲಿಸಿ, ಟಿಕೆಟು ಕೊಂಡು ನೋಡುವುದು ಯಾವ ನ್ಯಾಯ? ಕ್ಯಾಲಿಫೋರ್ನಿಯಾದಲ್ಲಿರುವ ಅಣ್ಣನ ಮನೆಗೆ ಹೋದಾಗ ಈ ಪ್ರಶ್ನೆಯನ್ನು ಜೊತೆಯಲ್ಲಿಟ್ಟುಕೊಂಡೇ ಮಾಂಟೆರೆ ಕೊಲ್ಲಿಯ ಮತ್ಸ್ಯಾಲಯವನ್ನು ನೋಡಿ ಬಂದೆ.

ಆ ಕಟ್ಟಡ ನಿಂತ ಜಾಗವೇ ಒಂದು ಪಾಠ. ಕ್ಯಾನರಿ ರೋ ಎಂಬ ಆ ಬೀದಿಯಲ್ಲಿ ಒಂದು ಕಾಲಕ್ಕೆ ಸಾರ್ಡೀನ್ ಮೀನನ್ನು ಬೇಯಿಸಿ ತಗಡಿನ ಡಬ್ಬಿಗೆ ತುಂಬುವ ಕಾರ್ಖಾನೆಗಳು ಸಾಲುಗಟ್ಟಿದ್ದವು. ಸಾರ್ಡೀನ್ ನಮ್ಮ ಬೂತಾಯಿಯ ದಾಯಾದಿ. 1940ರ ದಶಕದಲ್ಲಿ ಬಲೆ ತುಂಬಿ ಬರುತ್ತಿದ್ದ ಆ ಮೀನು, 1950ರ ದಶಕ ಕಾಲಿಡುವಷ್ಟರಲ್ಲಿ ಬಹುಮಟ್ಟಿಗೆ ಕಾಣದಾಯಿತು. ಕಡಲಿನ ನೀರು ಕಾಲಕಾಲಕ್ಕೆ ಬಿಸಿ ತಂಪಾಗುವುದು ಅದಕ್ಕೆ ಒಂದು ಕಾರಣ. ಮಿತಿಮೀರಿದ ಬೇಟೆ ಇನ್ನೊಂದು. ಉಳಿದಿದ್ದ ಹಾವ್ಡೆನ್ ಕಾರ್ಖಾನೆಯೂ 1973ರಲ್ಲಿ ಬಾಗಿಲು ಹಾಕಿತು. ಅದೇ ನಿವೇಶನದಲ್ಲಿ, ಡೇವಿಡ್ ಪ್ಯಾಕರ್ಡ್ ದಂಪತಿಗಳು ಕೊಟ್ಟ ಹಣದಿಂದ, 1984ರ ಅಕ್ಟೋಬರಿನಲ್ಲಿ ಮತ್ಸ್ಯಾಲಯ ತೆರೆಯಿತು. ಹಳೆಯ ಬಾಯ್ಲರುಗಳನ್ನು ಇಂದಿಗೂ ಅಲ್ಲಿ ಉಳಿಸಿಕೊಂಡಿದ್ದಾರೆ. ಮೀನನ್ನು ಡಬ್ಬಿಯಲ್ಲಿ ಕಂಡಿದ್ದ ಊರು ಅದನ್ನು ನೀರಿನಲ್ಲಿ ನೋಡಲು ಕಲಿತದ್ದು ಮೀನು ಬರಿದಾದ ಮೇಲೆ!

ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಕೆಲ್ಪ್ ಕಾಡು. ಕೆಲ್ಪ್ ಎಂದರೆ ತಂಪು ಕಡಲಿನಲ್ಲಿ ಮರದೆತ್ತರಕ್ಕೆ ಬೆಳೆಯುವ ಕಂದು ಪಾಚಿ. ಅದಕ್ಕಾಗಿ 28 ಅಡಿ ಎತ್ತರದ ತೊಟ್ಟಿಯನ್ನು ಕಟ್ಟಿದ್ದಾರೆ. ಬಿಸಿಲು ಬೀಳಲೆಂದು ಅದಕ್ಕೆ ಮಾಡು ಹಾಕಿಲ್ಲ. ಅಲೆಯಿಲ್ಲದೆ ಕೆಲ್ಪ್ ಬಾಳದು. ಆದ್ದರಿಂದ ಪ್ಯಾಕರ್ಡ್ ಅವರೇ ರೂಪಿಸಿದ ಯಂತ್ರವೊಂದು ನೀರನ್ನು ಸದಾ ತೂಗುತ್ತಿರುತ್ತದೆ. ಹಗಲಿನಲ್ಲಿ ಕೊಲ್ಲಿಯ ನೀರನ್ನು ಸೋಸಿ ಒಳಗೆ ಬಿಡುತ್ತಾರೆ, ನೋಡುವವರಿಗೆ ತಿಳಿಯಾಗಿ ಕಾಣಲಿ ಎಂದು. ರಾತ್ರಿ ಜನ ಹೋದ ಮೇಲೆ ಸೋಸದ ನೀರನ್ನೇ ಹರಿಸುತ್ತಾರೆ. ಅದರೊಡನೆ ಬರುವ ಕಣ್ಣಿಗೆ ಕಾಣದ ಜೀವಿಗಳು ಒಳಗಿನವಕ್ಕೆ ಆಹಾರವಾಗುತ್ತವೆ. ಕೆಲವು ತಾವೇ ಬಂಡೆಗೆ ಅಂಟಿ ಸಂಸಾರ ಹೂಡುತ್ತವೆ. ಹಗಲು ನಮಗಾಗಿ, ಇರುಳು ಅವಕ್ಕಾಗಿ. ಈ ಏರ್ಪಾಡನ್ನು ಕೇಳಿದಾಗ ನನ್ನ ಪ್ರಶ್ನೆಯ ಮೊನೆ ಸ್ವಲ್ಪ ಮೊಂಡಾಯಿತು.

ಆದರೆ ಎಲ್ಲ ಜೀವಕ್ಕೂ ಇಂಥ ಏರ್ಪಾಡು ಒಗ್ಗುವುದಿಲ್ಲ. 2004ರಲ್ಲಿ, ಮೀನುಗಾರರ ಬಲೆಗೆ ಅಕಸ್ಮಾತ್ತಾಗಿ ಬಿದ್ದ ಎಳೆಯ ಹೆಣ್ಣು ಶ್ವೇತ ಶಾರ್ಕ್ ಒಂದನ್ನು ಇಲ್ಲಿ ಇರಿಸಿದರು. ಅದು 198 ದಿನ ಇತ್ತು. ಅದನ್ನು ನೋಡಲು ಜನ ಮುಗಿಬಿದ್ದರು. ಆ ನಡುವೆ ಅದು ಜೊತೆಯಲ್ಲಿದ್ದ ಎರಡು ಶಾರ್ಕುಗಳನ್ನು ಕೊಂದಿತು. 2005ರ ಮಾರ್ಚಿನಲ್ಲಿ ಅದನ್ನು ಕಡಲಿಗೆ ಬಿಟ್ಟರು. 2011ರ ವರೆಗೆ ಹೀಗೆ ಒಟ್ಟು ಆರು ಶ್ವೇತ ಶಾರ್ಕುಗಳು ಬಂದುಹೋದವು. ಕೊನೆಯದು ಬಿಟ್ಟ ಸ್ವಲ್ಪ ಕಾಲದಲ್ಲೇ ಸತ್ತಿತು. ಆಮೇಲೆ ಮತ್ಸ್ಯಾಲಯ ಆ ಪ್ರಯತ್ನವನ್ನೇ ಕೈಬಿಟ್ಟಿತು. ಅತಿ ಹೆಚ್ಚು ಜನರನ್ನು ಸೆಳೆಯುವ ಪ್ರಾಣಿಯನ್ನು ತರದೆ ಇರುವುದಕ್ಕೂ ಒಂದು ಧೈರ್ಯ ಬೇಕು.

ಇನ್ನು ಕಡಲ ನೀರುನಾಯಿಯ ಕಥೆ. ಅದರ ದಟ್ಟ ತುಪ್ಪಳಕ್ಕಾಗಿ ಮನುಷ್ಯ ಅದನ್ನು ಎಷ್ಟು ಬೇಟೆಯಾಡಿದನೆಂದರೆ, ಕ್ಯಾಲಿಫೋರ್ನಿಯಾದಲ್ಲಿ ಅದು ಅಳಿದೇ ಹೋಯಿತೆಂದು ಜನ ನಂಬಿದ್ದರು. 1938ರಲ್ಲಿ ಸುಮಾರು ಐವತ್ತರ ಗುಂಪೊಂದು ಕಣ್ಣಿಗೆ ಬಿತ್ತು. ಕೆಲ್ಪನ್ನು ಬುಡದಲ್ಲೇ ಮೇಯುವ ಮುಳ್ಳುಚೆಂಡಿನಂಥ ಅರ್ಚಿನ್‌ಗಳನ್ನು ತಿಂದು ಆ ಕಾಡನ್ನು ಕಾಯುವುದು ಈ ನೀರುನಾಯಿ. ತಾಯಿಯನ್ನು ಕಳೆದುಕೊಂಡ ಮರಿಗಳನ್ನು ಮತ್ಸ್ಯಾಲಯಕ್ಕೆ ತಂದು, ಅಲ್ಲಿರುವ ಹೆಣ್ಣು ನೀರುನಾಯಿಗಳ ಮಡಿಲಿಗೆ ಹಾಕುತ್ತಾರೆ. ಸಾಕುತಾಯಿ ಚಿಪ್ಪು ಒಡೆಯುವುದನ್ನೂ ಬೇಟೆಯನ್ನೂ ಕಲಿಸುತ್ತಾಳೆ. ಮನುಷ್ಯರು ಹತ್ತಿರ ಹೋಗಬೇಕಾದಾಗ ಕಪ್ಪು ನಿಲುವಂಗಿ ತೊಟ್ಟು, ವೆಲ್ಡಿಂಗ್ ಕೆಲಸದವರ ಮುಖವಾಡ ಹಾಕಿಕೊಳ್ಳುತ್ತಾರೆ.

“ಮುಖ ಕಾಣದಿದ್ದರೆ ಮರಿಗೆ ಹೆದರಿಕೆಯಾಗುವುದಿಲ್ಲವೇ, ಚಿಕ್ಕಪ್ಪ?” ಎಂದಳು ಅಣ್ಣನ ಮಗಳು.

“ಮುಖ ಕಂಡರೆ ಪ್ರೀತಿ ಹುಟ್ಟುತ್ತದಮ್ಮ. ಆಮೇಲೆ ಅದು ಕಡಲಿಗೆ ಹೋದರೂ ಮನುಷ್ಯರ ದೋಣಿಯನ್ನೇ ಹುಡುಕಿಕೊಂಡು ಬರುತ್ತದೆ” ಎಂದೆ.

ಹೀಗೆ ಬೆಳೆದ ಮರಿಗಳನ್ನು ಹತ್ತಿರದ ಎಲ್ಕ್‌ಹಾರ್ನ್ ಸ್ಲೂ ಎಂಬ ಅಳಿವೆಯಲ್ಲಿ ಬಿಟ್ಟಿದ್ದಾರೆ. ಅಲ್ಲಿ ನೀರುನಾಯಿಗಳು ಹೆಚ್ಚಿದ್ದರಲ್ಲಿ ಅರ್ಧಕ್ಕಿಂತ ಮಿಗಿಲಾದ ಪಾಲು ಈ ಮರಿಗಳದೂ ಇವುಗಳ ಸಂತತಿಯದೂ ಎಂದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು.

ನನ್ನ ಪ್ರಶ್ನೆ ಪೂರ್ತಿ ಕರಗಿತೆಂದು ಹೇಳಲಾರೆ. ತೊಟ್ಟಿಯಲ್ಲಿ ಸುತ್ತುವ ಮೀನು ಸುತ್ತುತ್ತಲೇ ಇದೆ. ಆದರೆ ಆ ಪ್ರಶ್ನೆಯನ್ನು ಕೇಳುವ ಬಗೆ ಬದಲಾಗಿದೆ. ಯಾವುದೇ ಮತ್ಸ್ಯಾಲಯವನ್ನು ಕುರಿತು ಈಗ ನಾನು ಕೇಳುವುದು ಎರಡು ಮಾತು: ಇದು ಕಡಲಿಗೆ ಏನನ್ನು ಹಿಂದಿರುಗಿಸುತ್ತಿದೆ? ತನ್ನ ಊರಿನ ಕಡಲನ್ನು ತನ್ನ ಜನಕ್ಕೆ ತೋರಿಸುತ್ತಿದೆಯೇ?

ನಮಗೂ ಮುನ್ನೂರು ಕಿಲೋಮೀಟರಿಗೆ ಮಿಕ್ಕ ಕರಾವಳಿಯಿದೆ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳದ ಜೀವಿಗಳಿವೆ. ಅಘನಾಶಿನಿಯ ಅಳಿವೆಯಲ್ಲಿ ಕಾಂಡ್ಲಾ ಕಾಡೂ, ಎಷ್ಟೋ ಮನೆಗಳಿಗೆ ಅನ್ನವಾದ ಬಳಚೂ ಇವೆ. ನಮ್ಮ ಮನೆಗಳ ಗಾಜಿನ ಪೆಟ್ಟಿಗೆಗಳಲ್ಲಿ ಈಜುವ ಬಣ್ಣದ ಮೀನುಗಳು ಮಾತ್ರ ಪರದೇಶದವು. ಬೂತಾಯಿ ನಮ್ಮ ಕಡಲಿಗೆ ಒಂದು ವರ್ಷ ಹೇರಳವಾಗಿ ಬರುತ್ತದೆ, ಇನ್ನೊಂದು ವರ್ಷ ಮುಖ ತೋರಿಸುವುದಿಲ್ಲ. ಅದು ಮಾಂಟೆರೆಯ ದಾರಿ ಹಿಡಿಯುವ ಮೊದಲೇ ನಾವು ಅದನ್ನು ನೀರಿನಲ್ಲಿ ಗುರುತಿಸಲು ಕಲಿತರೆ ಲೇಸು. ದೊಡ್ಡ ಮತ್ಸ್ಯಾಲಯ ಕಟ್ಟುವುದು ನಮ್ಮ ನಿಮ್ಮ ಕೈಯಲ್ಲಿಲ್ಲ. ಆದರೆ ವಿದ್ಯಾರ್ಥಿ ಮಿತ್ರರೇ, ಮುಂದಿನ ಸಲ ಕಡಲತೀರಕ್ಕೆ ಪ್ರವಾಸ ಹೋದಾಗ, ಇಳಿತದ ಹೊತ್ತಿನಲ್ಲಿ ಬಂಡೆಗಳ ನಡುವೆ ನಿಂತ ನೀರನ್ನು ಸ್ವಲ್ಪ ಬಗ್ಗಿ ನೋಡಿ. ಅಲ್ಲಿ ಗಾಜೂ ಇಲ್ಲ, ಟಿಕೆಟೂ ಇಲ್ಲ.