ಹಳೆಯ ಕೋವಿಗಳ ಸಹವಾಸ

ಸಂಸ್ಕೃತದ ಪಾಠ ಹೇಳಿ ನಿವೃತ್ತನಾದ ಉಪಾಧ್ಯಾಯನಿಗೆ ಕೋವಿಯ ಗೊಡವೆ ಏತಕ್ಕೆಂದು ವಾಚಕರು ನಗಬಹುದು. ನಮ್ಮ ಮನೆಯಾಕೆ ನಗುವುದನ್ನು ಬಿಟ್ಟು ಬಹುಕಾಲವಾಯಿತು. "ಮೊದಲು ತಾಳೆಗರಿಯ ಧೂಳು, ಈಗ ಕಬ್ಬಿಣದ ತುಕ್ಕು, ಗುಡಿಸುವವಳು ಮಾತ್ರ ನಾನೇ" ಎಂದು ಹೇಳಿ ಸುಮ್ಮನಾಗುತ್ತಾಳೆ. ನಾನು ಬೇಟೆಗಾರನಲ್ಲ; ಒಂದು ಗುಬ್ಬಿಯನ್ನೂ ಹೊಡೆದವನಲ್ಲ. ಹಳೆಯ ಕೋವಿಗಳ ತುಕ್ಕು ಬಿಡಿಸಿ, ಗೋಡೆಯ ಮೇಲೆ ನಾಲ್ಕು ಜನ ನೋಡತಕ್ಕ ಸ್ಥಿತಿಗೆ ತರುವುದಷ್ಟೇ ನನ್ನ ಹುಚ್ಚು.

ಈ ಹುಚ್ಚಿಗೆ ಮೂಲ ಒಂದು ಪಾಪ. ತೀರ್ಥಹಳ್ಳಿಯ ಕಡೆ ನಮ್ಮ ಅಜ್ಜನ ಮನೆಯ ಅಟ್ಟದಲ್ಲಿ ಒಂದು ಕೇಪಿನ ಕೋವಿ ಇದ್ದಿತು. ಗದ್ದೆಗೆ ಇಳಿಯುವ ಹಂದಿಗಳನ್ನು ಬೆದರಿಸಲು ಹಿಂದಿನವರು ಇಟ್ಟುಕೊಂಡಿದ್ದುದಂತೆ. ನಳಿಗೆ ತುಕ್ಕಿನಿಂದ ತೂತುಬಿದ್ದು ರಿಪೇರಿಗೂ ನಿಲುಕದಂತಾಗಿದ್ದಿತು. ದುರಸ್ತಿ ಮಾಡಿದರೂ ಹಾರಿಸಲಾಗದ ಅಂತಹ ಹಳೆಯ ಆಯುಧಗಳನ್ನು 1959ರ ಆಯುಧ ಕಾಯಿದೆಯೇ ತನ್ನ ಕಟ್ಟಿನಿಂದ ಬಿಟ್ಟಿದೆ. ಇಪ್ಪತ್ತರ ಉತ್ಸಾಹದಲ್ಲಿ ನಾನು ಹುಣಿಸೆಹಣ್ಣನ್ನೂ ಉಪ್ಪುಕಾಗದವನ್ನೂ ಹಿಡಿದು ಎರಡು ದಿನ ಉಜ್ಜಿ, ಅದನ್ನು ಬೆಳ್ಳಿಯ ತಟ್ಟೆಯಂತೆ ಹೊಳೆಯಿಸಿದೆನು. ಕುದುರೆಯ ಬದಿಯ ತಗಡಿನ ಮೇಲೆ ಮಸುಕಾದ ಒಂದು ಮುದ್ರೆ ಇದ್ದಿತು. ಅದೂ ಹೊಳೆಯಿತು, ಎಂದರೆ, ಮಾಯವಾಯಿತು.

ಕೋವಿಗಳಿಗೆ ಆ ಮುದ್ರೆಯೇ ಗೋತ್ರಪ್ರವರವೆಂದು ನನಗೆ ತಿಳಿದದ್ದು ಬಹುಕಾಲದ ಮೇಲೆ. ಈಸ್ಟ್ ಇಂಡಿಯಾ ಕಂಪೆನಿಯ ಬಂದೂಕುಗಳಿಗೆ ಮೊದಲು ಹೃದಯಾಕಾರದ ಗುರುತು. 1808ರಿಂದೀಚೆಗೆ ಕಿರೀಟವನ್ನು ಹಿಡಿದು ನಿಂತ ಸಿಂಹ. ಟಿಪ್ಪುಸುಲ್ತಾನನ ಕಾರ್ಖಾನೆಗಳಲ್ಲಿ ಆದ ಬಂದೂಕುಗಳಿಗೆ ಹುಲಿಯ ಪಟ್ಟೆಗಳು. ನಮ್ಮ ಅಜ್ಜನ ಕೋವಿ ಕಂಪೆನಿಯ ಸಿಪಾಯಿಯ ಹೆಗಲಿನಿಂದ ಇಳಿದು ಬಂದದ್ದೋ, ಊರ ಕಮ್ಮಾರನು ಕುಲುಮೆಯಲ್ಲಿ ಕಟ್ಟಿದ್ದೋ, ಇನ್ನು ಹೇಳುವವರಿಲ್ಲ. ಅರ್ಥವಾಗದ ಪಾಠವನ್ನು ತಿದ್ದಿ ಸುಲಭಗೊಳಿಸುವ ಲಿಪಿಕಾರನು ಗ್ರಂಥವನ್ನು ಕೆಡಿಸುವಷ್ಟು ಗೆದ್ದಲೂ ಕೆಡಿಸದೆಂದು ಮಕ್ಕಳಿಗೆ ಹೇಳುತ್ತಿದ್ದ ನಾನೇ ಆ ಲಿಪಿಕಾರನಾಗಿದ್ದೆನು.

(ಗ್ರಂಥದ ಮಾತು ಬಂದುದರಿಂದ ಹೇಳುತ್ತೇನೆ. ಶುಕ್ರನೀತಿಯಲ್ಲಿ ನಾಲಿಕ, ಅಗ್ನಿಚೂರ್ಣಗಳ ವರ್ಣನೆಯಿದೆಯೆಂದು ನಮ್ಮವರು ಹಿಗ್ಗುವುದುಂಟು. ಆ ಭಾಗ ಬಹಳ ಈಚಿನದೆಂದು ಬಲ್ಲವರು ತೋರಿಸಿದ್ದಾರೆ. ಅಲ್ಲಿಯೂ ಯಾರೋ ಉಪ್ಪುಕಾಗದ ಹಿಡಿದಿದ್ದರು.)

ಈಗ ನನ್ನ ಕ್ರಮವೇ ಬೇರೆ. ಎಣ್ಣೆ ಸವರಿ ದಿನಗಟ್ಟಲೆ ಬಿಟ್ಟು, ನವುರಾದ ಉಕ್ಕಿನ ನಾರಿನಿಂದ ಕೆಂಪು ತುಕ್ಕನ್ನು ಮಾತ್ರ ಎಬ್ಬಿಸುತ್ತೇನೆ. ಅದರಡಿಯ ಕಂದುಬಣ್ಣ ಕಬ್ಬಿಣಕ್ಕೆ ಕಾಲವೇ ತೊಡಿಸಿದ ಕವಚ, ಅದನ್ನು ಮುಟ್ಟಲಾಗದು. ಮರಕ್ಕೆ ತುಸು ಅಗಸೆಯೆಣ್ಣೆ, ವಾರ್ನಿಷು ಸಲ್ಲದು. ಕೊನೆಗೆ, ಮಳೆಯ ನಾಡಾದುದರಿಂದ, ತೆಳುವಾಗಿ ಮೇಣ.

ಇವೆಲ್ಲಕ್ಕೂ ಮೊದಲು ಮಾಡತಕ್ಕ ಕೆಲಸವೊಂದುಂಟು. ಬಾಯಿಯಿಂದ ಮದ್ದು ತುಂಬುವ ಕೋವಿಯಾದರೆ, ಅದಕ್ಕೆ ಮುಖಕೊಡದೆ ಬದಿಯಲ್ಲಿ ನಿಂತು, ಒಂದು ಕಡ್ಡಿಯನ್ನು ನಳಿಗೆಯೊಳಗೆ ಇಳಿಬಿಟ್ಟು ಅಳೆಯಬೇಕು. ಅದೇ ಕಡ್ಡಿಯನ್ನು ನಳಿಗೆಯ ಹೊರಗಿಟ್ಟರೆ ಬೆಂಕಿ ಒಳಹೊಗುವ ತೂತಿನವರೆಗೆ ಮುಟ್ಟಬೇಕು. ಮುಟ್ಟದಿದ್ದರೆ ಒಳಗೆ ಏನೋ ಇದೆಯೆಂದು ಅರ್ಥ. ಕರಿಯ ಮದ್ದು ಒಣಗಿದ್ದರೆ ನೂರು ವರ್ಷದ ಮೇಲೂ ಸಿಡಿಯಬಲ್ಲುದು.

ಇದನ್ನು ನಾನು ಕಲಿತದ್ದು ಕೊಡಗಿನಲ್ಲಿ. ನನ್ನ ಉಪಾಧ್ಯಾಯ ವೃತ್ತಿಯ ಬಹುಭಾಗ ಕಳೆದುದು ಅಲ್ಲಿಯೇ. ಕೊಡವರಿಗೆ ಕೋವಿ ದೇವರ ಕೋಣೆಗೆ ಸಮೀಪದ ವಸ್ತು. ಬ್ರಿಟಿಷರ ಕಾಲದಿಂದ ಬಂದ ಲೈಸೆನ್ಸಿನ ವಿನಾಯಿತಿಯನ್ನು ಕೇಂದ್ರ ಸರಕಾರವು 2019ರಲ್ಲಿ ಇನ್ನೂ 10 ವರ್ಷಕ್ಕೆ ಮುಂದುವರಿಸಿತು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಸದ್ದು ಕೇಳಿದ ನೆರೆಯವರಿಗೆ ಬೇರೆ ಓಲೆ ಬೇಡ.

ನಮ್ಮ ನೆರೆಯ ಯಜಮಾನರೊಬ್ಬರು ಒಂದು ಆಗಸ್ಟಿನಲ್ಲಿ ತಮ್ಮ ಐನ್‌ಮನೆಯ ಹಳೆಯ ಕೇಪಿನ ಕೋವಿಯನ್ನು ತೋರಿಸಿ, "ಕೈಲ್‌ಪೊಳ್ದ್ ಹತ್ತಿರ ಬಂತು ಮೇಷ್ಟ್ರೇ. ಇದನ್ನೊಂದಿಷ್ಟು ಹಸನು ಮಾಡಿಕೊಡಿ, ಗೋಡೆಗೆ ತೂಗುಹಾಕಬೇಕು" ಎಂದರು. ಅಲ್ಲಿಯೇ ಜಗಲಿಯ ಮೇಲೆ ಕುಳಿತು ಕಡ್ಡಿ ಇಳಿಬಿಟ್ಟೆನು. ನಾಲ್ಕು ಬೆರಳು ಮೊದಲೇ ನಿಂತಿತು. ತೆಗೆದು ಮತ್ತೆ ಅಳೆದರೂ ಅಷ್ಟೇ. ಮಗ್ಗುಲಲ್ಲಿ ಅವರ ಮೊಮ್ಮಕ್ಕಳು ಆಡುತ್ತಿದ್ದರು. ನನ್ನ ಕೈ ನಡುಗಿತು. ಮಕ್ಕಳನ್ನು ಒಳಕ್ಕೆ ಕಳುಹಿಸಿದೆವು.

ಅದನ್ನು ಬಿಚ್ಚುವುದು ನನ್ನ ಕೆಲಸವಲ್ಲ. ಲೈಸೆನ್ಸು ಪಡೆದ ಕೋವಿಯ ಕಸುಬುದಾರರೊಬ್ಬರು ಮರುದಿನ ಬಂದು, ಕೇಪು ಕೂರುವ ಮೊಳೆಯನ್ನು ಕಳಚಿ, ಒಳಕ್ಕೆ ನೀರಿಳಿಸಿ ನೆನೆಸಿ, ತುಂಬಿದ್ದುದನ್ನು ಬಾಯಿಯ ಕಡೆಯಿಂದ ಎಳೆದರು. ಮೊದಲು ತೆಂಗಿನ ನಾರಿನ ಉಂಡೆ ಬಂದಿತು. ಬಳಿಕ ಕರಿಯ ಮದ್ದು. ಮತ್ತೇನೂ ಬರಲಿಲ್ಲ.

"ಸೀಸದ ಗುಂಡಿಲ್ಲ; ಬೇಟೆಗೆ ತುಂಬಿದ್ದಲ್ಲ" ಎಂದರು ಕಸುಬುದಾರರು.

ಯಜಮಾನರು ಬಹಳ ಹೊತ್ತು ಆ ನಾರಿನ ಉಂಡೆಯನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲನೆ ಹೇಳಿದರು: "ಅಪ್ಪ ಹೋದ ದಿನ ನಾನೇ ತುಂಬಿದ್ದು, ಮೇಷ್ಟ್ರೇ. ನನಗೆ ಹದಿನೆಂಟು ವರ್ಷ. ಮಳೆ ಹುಯ್ಯುತ್ತಿತ್ತು. ಮೊದಲ ಗುಂಡು ಹಾರಿತು, ಎರಡನೆಯದು ಹಾರಲಿಲ್ಲ. ಚಿಕ್ಕಪ್ಪ ಬೇರೆ ಕೋವಿ ತಂದು ಹಾರಿಸಿದರು. ಇದನ್ನು ಮೂಲೆಗಿಟ್ಟವನು ಮತ್ತೆ ಮುಟ್ಟಲಿಲ್ಲ."

ಒದ್ದೆ ಮದ್ದನ್ನು ಕಸುಬುದಾರರು ನೀರಿನ ಬಕೆಟ್ಟಿಗೆ ಸುರಿದರು. ನಾರಿನ ಉಂಡೆಯನ್ನು ಯಜಮಾನರು ಹಿಂಡಿ, ಬಿಸಿಲಿಗಿಟ್ಟು, ಒಳಕ್ಕೆ ಒಯ್ದರು.

ಕೋವಿಯ ಹೊರಮೈಯ ಕೆಲಸ ನನಗೆ ಹತ್ತು ದಿನ ಹಿಡಿಯಿತು. ಹಿಡಿಯ ಮರದಲ್ಲಿ ಒಂದು ಕಡೆ ಹೆಬ್ಬೆರಳಿನ ಸವೆತವಿದ್ದಿತು; ಅದನ್ನು ಹಾಗೆಯೇ ಬಿಟ್ಟೆನು. ಸೆಪ್ಟೆಂಬರಿನ ಮೊದಲ ವಾರ, ಹಬ್ಬದ ದಿನ ಕರೆದಿದ್ದರೆಂದು ಹೋದೆನು. ನಡುಮನೆಯ ದೀಪದ ಮುಂದೆ ಉಳಿದ ಆಯುಧಗಳ ಸಾಲಿನಲ್ಲಿ ಅದೂ ಇದ್ದಿತು. ಅದರ ಬಾಯಲ್ಲಿ ತೋಕ್‌ಪೂವಿನ ಒಂದು ಕೆಂಪು ಹಳದಿ ಗೊಂಚಲು.