ಅಂಗೈ ಇಂಜಿನ್ನಿಗೆ ಅರ ಹಿಡಿದವರು

ಎಪ್ಪತ್ತರ ದಶಕದ ಇಂಗ್ಲೆಂಡಿನಲ್ಲಿ, ಅಂಗಡಿಯಿಂದ ತಂದ ಮಾಡೆಲ್ ಉಗಿ ಇಂಜಿನ್ನನ್ನು ತಂದ ಹಾಗೇ ಹಳಿಯ ಮೇಲೆ ಬಿಡುವವರಿಗೆ ಆ ಹುಚ್ಚಿನವರ ನಡುವೆ ಮರ್ಯಾದೆ ಇರಲಿಲ್ಲ. ಮೊದಲು ಅದನ್ನು ಬಿಚ್ಚಬೇಕು, ಕೆರೆಯಬೇಕು, ಬೇಕಾದಲ್ಲಿ ಗರಗಸ ಹಾಕಬೇಕು, ಸರಿಯಾದ ಚಿಮಣಿ ಕೂರಿಸಬೇಕು. ಕಡೆಗೆ ಹೊಸ ಬಣ್ಣ ಹೊಡೆದು, ಆ ಹೊಸ ಬಣ್ಣದ ಮೇಲೆ ಬೇಕೆಂದೇ ಮಸಿ, ತುಕ್ಕು, ಎಣ್ಣೆಯ ಜಿಡ್ಡು ಬಳಿಯಬೇಕು. ಅಲ್ಲಿಗೆ ಅದು ನಿಮ್ಮ ಇಂಜಿನ್ನು.

ನಾನು ಲ್ಯಾಂಕಾಶೈರಿನ ಬೋಲ್ಟನ್ ಊರಿನ ಆಸ್ಪತ್ರೆಗೆ ಕಿರಿಯ ವೈದ್ಯನಾಗಿ ಸೇರಿದ್ದು 1974ರಲ್ಲಿ. ಬ್ರಿಟಿಷ್ ರೈಲ್ವೆಯ ಮಾಮೂಲು ಹಳಿಗಳ ಮೇಲೆ ಉಗಿ ಇಂಜಿನ್ನಿನ ಓಡಾಟ 1968ರ ಆಗಸ್ಟಿನಲ್ಲೇ ಮುಗಿದಿತ್ತು. ಕೊನೆಯ ದಿನಗಳವರೆಗೆ ಬೆಂಕಿ ಉಳಿಸಿಕೊಂಡಿದ್ದ ಷೆಡ್ಡುಗಳೆಲ್ಲ ಈ ಲ್ಯಾಂಕಾಶೈರಿನ ಸುತ್ತಮುತ್ತಲಿನವೇ. ನಮ್ಮ ದೇಶದಲ್ಲಾದರೋ ಚಿತ್ತರಂಜನ್ ಕಾರ್ಖಾನೆ ತನ್ನ ಕಡೆಯ ಉಗಿ ಇಂಜಿನ್ನನ್ನು ಹೊರಗೆ ಬಿಟ್ಟಿದ್ದೇ 1972ರಲ್ಲಿ. ಹೊಳೆನರಸೀಪುರದ ಹುಡುಗನಾದ ನನಗೆ ಇಂಜಿನ್ನೆಂದರೆ ಹೊಗೆ, ಕಲ್ಲಿದ್ದಲ ವಾಸನೆ, ಅರಸೀಕೆರೆ ಜಂಕ್ಷನ್ನಿನಲ್ಲಿ ನೀರು ಕುಡಿಯುತ್ತ ನಿಂತ ವೈಪಿ ಎಂಬ ಮೀಟರ್ ಗೇಜ್ ಇಂಜಿನ್ನು. ಡೀಸೆಲ್ ಗಾಡಿಗಳ ಆ ಊರಿನಲ್ಲಿ ಉಗಿ ಉಳಿದಿದ್ದದ್ದು ಮಾಡೆಲ್ ಅಂಗಡಿಯ ಗಾಜಿನ ಕಪಾಟಿನಲ್ಲಿ ಮಾತ್ರ. ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗುವ ದಾರಿಯಲ್ಲೇ ಆ ಅಂಗಡಿ ಇದ್ದದ್ದು ನನ್ನ ಸಂಬಳಕ್ಕೆ ಒಳ್ಳೆಯದಾಗಲಿಲ್ಲ.

ಅಲ್ಲಿ ಹೆಚ್ಚಾಗಿ ಮಾರುತ್ತಿದ್ದದ್ದು 'ಓಓ' ಅಳತೆಯ ಇಂಜಿನ್ನುಗಳು. ನಿಜವಾದ ಇಂಜಿನ್ನಿನ ಒಂದು ಅಡಿಗೆ ಮಾಡೆಲಿನಲ್ಲಿ ನಾಲ್ಕು ಮಿಲಿಮೀಟರ್, ಅಂದರೆ ಎಪ್ಪತ್ತಾರರಲ್ಲಿ ಒಂದು ಪಾಲು. ಈ ಲೆಕ್ಕದಲ್ಲಿ ಹಳಿಯ ಅಗಲ 18.83 ಮಿಲಿಮೀಟರ್ ಇರಬೇಕು, ಆದರೆ ಇದ್ದದ್ದು 16.5. ಬ್ರಿಟನ್ನಿನ ಸುರಂಗ, ಸೇತುವೆಗಳು ಇಕ್ಕಟ್ಟಾದ್ದರಿಂದ ಅಲ್ಲಿನ ಇಂಜಿನ್ನುಗಳ ಮೈಕಟ್ಟು ಸಣ್ಣದು. ಯೂರೋಪಿನ ಅಳತೆಗೆ ಇಳಿಸಿದರೆ ಆ ಕಾಲದ ಮೋಟರು ಒಳಗೆ ಹಿಡಿಸುತ್ತಿರಲಿಲ್ಲ. ಹಾಗಾಗಿ ಹಳಿಯನ್ನು ಹಾಗೇ ಬಿಟ್ಟು ಮೈಯನ್ನು ಮಾತ್ರ ದೊಡ್ಡದು ಮಾಡಿದರು. ಮುಂದಿನಿಂದ ನೋಡಿದರೆ ಇಂಜಿನ್ನು ಕಾಲು ಜೋಡಿಸಿಕೊಂಡು ನಿಂತಂತೆ ಕಾಣುತ್ತಿತ್ತು. ಇದು ಸಹಿಸದವರು ಗಾಲಿಗಳನ್ನು ಕಿತ್ತು, ಉದ್ದನೆಯ ಅಚ್ಚು ಹಾಕಿ, ತಾವೇ ಹಾಸಿದ ಅಗಲ ಹಳಿಯ ಮೇಲೆ ಓಡಿಸುತ್ತಿದ್ದರು. ಮಿಕ್ಕವರು ಪಕ್ಕದಿಂದ ನೋಡಿ ಸಮಾಧಾನಪಟ್ಟುಕೊಳ್ಳುತ್ತಿದ್ದರು. ನಾನು ಮಿಕ್ಕವರ ಗುಂಪು.

ಕೊರತೆ ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ. ಬಾಯ್ಲರಿನ ಪಕ್ಕದ ಹಿಡಿಕಂಬಿ ಪ್ಲಾಸ್ಟಿಕ್ಕಿನ ಮೈಯಲ್ಲೇ ಉಬ್ಬಿದ ಗೆರೆಯಾಗಿರುತ್ತಿತ್ತು. ಇಂಜಿನ್ನಿನ ಬೆನ್ನಿಗಿರುವ ಟೆಂಡರಿನ ಕಲ್ಲಿದ್ದಲು ನುಣ್ಣನೆಯ ಒಂದು ದಿಬ್ಬ. ಕೆಲವು ವರ್ಷ ಒಂದು ದೊಡ್ಡ ಕಂಪನಿಯವರು ಮೋಟರನ್ನು ಟೆಂಡರಿನಲ್ಲಿಟ್ಟು ಅದರಿಂದ ಇಂಜಿನ್ನನ್ನು ತಳ್ಳಿಸಿದರು. ಉಗಿ ಇಂಜಿನ್ನನ್ನು ಕಲ್ಲಿದ್ದಲ ಡಬ್ಬಿ ತಳ್ಳುವುದೆಂದರೆ ಅರ್ಚಕರನ್ನು ಗಂಟೆಯೇ ಎಬ್ಬಿಸಿದ ಹಾಗೆ.

ಅಂಗಡಿಯಲ್ಲಿ ಶನಿವಾರ ಸೇರುತ್ತಿದ್ದವರಲ್ಲಿ ಹಾರ್ವಿಚ್ ಕಾರ್ಖಾನೆಯಿಂದ ನಿವೃತ್ತರಾದ ಒಬ್ಬ ಫಿಟ್ಟರ್ ಇದ್ದರು. ಹಾರ್ವಿಚ್ ಎಂದರೆ ಹಳೆಯ ಲ್ಯಾಂಕಾಶೈರ್ ಅಂಡ್ ಯಾರ್ಕ್‌ಶೈರ್ ರೈಲ್ವೆಯ ಇಂಜಿನ್ ಕಾರ್ಖಾನೆ. 1889ರಲ್ಲಿ ಅಲ್ಲಿಂದ ಹೊರಬಂದ ಮೊಟ್ಟಮೊದಲ ಇಂಜಿನ್ನು, ಆಸ್ಪಿನಾಲ್ ರೂಪಿಸಿದ ಟ್ಯಾಂಕ್ ಇಂಜಿನ್ 1008, ಈಗಲೂ ಯಾರ್ಕ್ ಮ್ಯೂಸಿಯಂನವರ ಬಳಿ ಇದೆ. ನಮ್ಮ ಫಿಟ್ಟರಿಗೆ ಅದರ ಮೇಲೆ ಪ್ರಾಣ. ಯಾವ ಕಂಪನಿಯೂ ಅದನ್ನು ಸಿದ್ಧವಾಗಿ ಮಾರುತ್ತಿರಲಿಲ್ಲ. ಆತ ಹಿತ್ತಾಳೆಯ ತಗಡು ಕತ್ತರಿಸಿ, ಟ್ರೈ-ಆಂಗ್ ಎಂಬ ಮಾಡೆಲ್ ರೈಲು ಕಂಪನಿಯ ಮೋಟರೊಂದನ್ನು ಒಳಗೆ ಕೂರಿಸಿ, ಮನೆಯ ಅಡಿಗೆಮೇಜಿನ ಮೇಲೇ ಅದನ್ನು ಕಟ್ಟಿದ್ದರು. ನಾನು ಕಲಿತದ್ದೆಲ್ಲ ಆ ಮೇಜಿನ ಮೇಲೆ.

ಮೊದಲ ಪಾಠ ಹಿಡಿಕಂಬಿಯದು. ಪ್ಲಾಸ್ಟಿಕ್ಕಿನ ಉಬ್ಬುಗೆರೆಯನ್ನು ಚೂಪಾದ ಅಲಗಿನಿಂದ ಹೊಪ್ಪಳಿಕೆ ತೆಗೆದ ಹಾಗೆ ನಿಧಾನವಾಗಿ ಎಬ್ಬಿಸಿ, ಸಣ್ಣ ಅರದಿಂದ ನಯ ಮಾಡಿ, ಕೈಯಲ್ಲೇ ತಿರುಗಿಸುವ ಪಿನ್ ಡ್ರಿಲ್ಲಿನಿಂದ ತೂತು ಕೊರೆದು, ಹಿತ್ತಾಳೆಯ ಗುಬುಟುಗಳನ್ನು ಕೂರಿಸಿ ತಂತಿ ಪೋಣಿಸಬೇಕು. ತಂತಿ ಒಂದು ಕೂದಲಿನಷ್ಟು ಸೊಟ್ಟಗಾದರೂ ಇಡೀ ಬಾಯ್ಲರು ಸೊಟ್ಟಗೆ ಕಾಣುತ್ತದೆ. "ಹೊಲಿಗೆ ಹಾಕುವ ಕೈ ನಿಮ್ಮದು ಡಾಕ್ಟರೇ, ಇದೇನು ಕಷ್ಟ" ಎಂದು ಆತ ಹುರಿದುಂಬಿಸುತ್ತಿದ್ದರು. ಹೊಲಿಗೆ ಹಾಕಿಸಿಕೊಂಡ ರೋಗಿ ಯಾರೂ ಭೂತಗನ್ನಡಿ ಹಿಡಿದು ಹೊಲಿಗೆ ನೋಡುವುದಿಲ್ಲ. ಶನಿವಾರದ ಗುಂಪು ನೋಡುತ್ತಿತ್ತು.

ಆಮೇಲೆ ವೈಟ್‌ಮೆಟಲ್. ತವರ, ಸೀಸ ಬೆರೆತ ಮೆದು ಲೋಹದಲ್ಲಿ ಎರಕ ಹೊಯ್ದ ಬಿಡಿಭಾಗಗಳ ಕಿಟ್ಟುಗಳನ್ನು ವಿಲ್ಸ್, ಕೇಸ್ ಮುಂತಾದ ಸಣ್ಣ ಕಂಪನಿಗಳು ಮಾರುತ್ತಿದ್ದವು. ಎಷ್ಟೋ ಕಿಟ್ಟುಗಳು ಟ್ರೈ-ಆಂಗ್ ಚಾಸಿಯ ಮೇಲೆ ಕೂರುವಂತೆಯೇ ಮಾಡಿದಂಥವು: ಚಾಸಿ ಅಂಗಡಿಯದು, ಮೈ ಕಿಟ್ಟಿನದು. ಮಾಮೂಲು ಬೆಸುಗೆ ಕಡ್ಡಿಯ ಕಾವಿಗೆ ವೈಟ್‌ಮೆಟಲ್ ಕರಗಿ ಹರಿದುಹೋಗುತ್ತದೆ. ಅದಕ್ಕೆ 70 ಡಿಗ್ರಿ ಶಾಖಕ್ಕೇ ಕರಗುವ ಬೇರೆ ಬೆಸುಗೆ ಬೇಕು. ಇದರಲ್ಲಿ ಒಂದು ಅನುಕೂಲವೂ ಉಂಟು. ಜೋಡಣೆ ಕೆಟ್ಟಿತೋ, ಇಡೀ ಇಂಜಿನ್ನನ್ನು ಕುದಿಯುವ ನೀರಿಗೆ ಹಾಕಿದರೆ ಬೆಸುಗೆ ಬಿಟ್ಟು ಎಲ್ಲ ಬಿಡಿಬಿಡಿಯಾಗುತ್ತದೆ, ಲೋಹಕ್ಕೆ ಏನೂ ಆಗುವುದಿಲ್ಲ. ಫಿಟ್ಟರ ಮನೆಯಲ್ಲಿ ಇದಕ್ಕೆಂದೇ ಒಂದು ಪಾತ್ರೆ ಇತ್ತು. ಅವರ ಹೆಂಡತಿ ಅದರ ಮೇಲೆ ಬಣ್ಣದಲ್ಲಿ ಗುರುತು ಹಾಕಿಟ್ಟಿದ್ದರು, ಅಪ್ಪಿತಪ್ಪಿಯೂ ಅಡಿಗೆಗೆ ಬಳಸಬಾರದೆಂದು.

ಗಾಲಿ ಕೂರಿಸುವುದು ಎಲ್ಲಕ್ಕಿಂತ ನಾಜೂಕಿನ ಕೆಲಸ. ಎರಡು ಸಿಲಿಂಡರಿನ ಇಂಜಿನ್ನಿನಲ್ಲಿ ಎಡಗಡೆಯ ಮತ್ತು ಬಲಗಡೆಯ ಕ್ರ್ಯಾಂಕುಗಳ ನಡುವೆ 90 ಡಿಗ್ರಿ ಅಂತರ ಇರುತ್ತದೆ. ಒಂದು ಪಕ್ಕದ ಪಿಸ್ಟನ್ನು ತುದಿಗೆ ಬಂದು ಬಲ ಕಳೆದುಕೊಂಡಾಗ ಇನ್ನೊಂದು ಪಕ್ಕದ್ದು ಎಳೆಯಲಿ ಎಂದು. ಮಾಡೆಲಿನಲ್ಲಿ ಎಳೆಯುವುದು ಮೋಟರಾದರೂ ಎಲ್ಲ ಅಚ್ಚುಗಳಲ್ಲೂ ಆ ಅಂತರ ಒಂದೇ ಸಮ ಇರಬೇಕು. ಒಂದರಲ್ಲಿ ತುಸು ಹೆಚ್ಚುಕಡಿಮೆಯಾದರೂ ಜೋಡಿಸುವ ರಾಡು ಹಿಡಿದುಕೊಂಡು ಇಂಜಿನ್ನು ಕುಂಟುತ್ತದೆ. ರಾಮ್‌ಫರ್ಡ್ ಗಾಲಿಗಳ ಅಚ್ಚಿನ ತುದಿ ಚೌಕವಾಗಿರುತ್ತಿದ್ದದ್ದರಿಂದ ಅಂತರ ತಾನಾಗಿ ಸರಿ ಬರುತ್ತಿತ್ತು. ನಮ್ಮಂಥ ಹವ್ಯಾಸಿಗಳು ಬದುಕಿಕೊಂಡಿದ್ದು ಅದರಿಂದ. ಉಗಿ ಇಂಜಿನ್ನು ಹೇಗೆ ಹೊರಡುತ್ತದೆ ಎಂಬುದು ನನಗೆ ಅರ್ಥವಾದದ್ದು ಅರಸೀಕೆರೆ ಪ್ಲಾಟ್‌ಫಾರಂನಲ್ಲಲ್ಲ, ಈ ಗಾಲಿಗಳನ್ನು ತಿರುಗಿಸುತ್ತ ಕೂತಾಗ.

ಕೈ ಕುದುರಿದ ಮೇಲೆ ವೈಪಿ ಮಾಡುವ ಆಸೆ ಹುಟ್ಟಿತು. ಎಂಬತ್ತೇಳರಲ್ಲಿ ಒಂದು ಪಾಲಿನ 'ಎಚ್‌ಓ' ಅಳತೆಗೆ ಇಳಿಸಿದರೆ ನಮ್ಮ ಮೀಟರ್ ಗೇಜಿನ ಅಗಲ ಹನ್ನೊಂದೂವರೆ ಮಿಲಿಮೀಟರ್ ಆಗುತ್ತದೆ. ಟ್ರೈ-ಆಂಗ್‌ನವರು 1957ರಿಂದ ಹತ್ತು ವರ್ಷದಷ್ಟು ಮಾರಿ ಕೈಬಿಟ್ಟ 'ಟಿಟಿ' ರೈಲುಗಳ ಹಳಿ ಹನ್ನೆರಡು ಮಿಲಿಮೀಟರಿನದು. ಇಷ್ಟು ಹತ್ತಿರವಾದರೆ ಸಾಕಲ್ಲ! ಅದರಲ್ಲಿ ಬ್ರಿಟಾನಿಯಾ ಎಂಬ 4-6-2 ಗಾಲಿ ಜೋಡಣೆಯ ಇಂಜಿನ್ನಿತ್ತು, ವೈಪಿಯೂ 4-6-2. ಹಳೆಯದೊಂದನ್ನು ಹುಡುಕಿ ತಂದೆ. ಆದರೆ ನಿಜವಾದ ಬ್ರಿಟಾನಿಯಾದ್ದು ಆರಡಿ ಎರಡಂಗುಲದ ಗಾಲಿ, ವೈಪಿಯದ್ದು ನಾಲ್ಕೂವರೆ ಅಡಿ. ಗಾಲಿ ಬದಲಿಸಿದರೆ ಗಾಲಿಗಳ ನಡುವಿನ ಸಂದು ಬೊಕ್ಕಬಾಯಿ ಥರ ಕಾಣುತ್ತದೆಂದು ಚಾಸಿಯನ್ನೇ ಹೊಸದಾಗಿ ಕತ್ತರಿಸಬೇಕಾಯಿತು. ಬಾಯ್ಲರಿಗೆ ಹಿತ್ತಾಳೆ ಕೊಳವೆ, ಟೆಂಡರಿಗೆ ತಗಡು. ಕೊನೆಗೆ ಬ್ರಿಟಾನಿಯಾದಿಂದ ಉಳಿದದ್ದು ಮೋಟರು ಮತ್ತು ಹಲ್ಲುಚಕ್ರ ಮಾತ್ರ.

ನಕ್ಷೆ? ಅದೇ ಇರಲಿಲ್ಲ. ಇಂಗ್ಲಿಷ್ ಇಂಜಿನ್ನುಗಳ ನಕ್ಷೆ 'ರೈಲ್ವೆ ಮಾಡೆಲರ್' ಥರದ ಮಾಸಪತ್ರಿಕೆಗಳಲ್ಲಿ ಸಿಗುತ್ತಿತ್ತು. ವೈಪಿಯ ನಕ್ಷೆಗೆ ನಾನು ಮೊರೆಹೋದದ್ದು ರೈಲ್ವೆಯಲ್ಲಿ ಗಾರ್ಡಾಗಿದ್ದ ನನ್ನ ಸೋದರಮಾವನಿಗೆ. ಅವರು ಗಾಡಿ ನಿಂತಾಗ ಟೇಪು ಹಿಡಿದು ಅಳೆದು, ಹೆಡ್‌ಲೈಟು, ಕೌಕ್ಯಾಚರು, ಕ್ಯಾಬಿನ ಕಿಟಕಿ ಎಲ್ಲದರ ಅಳತೆಯನ್ನೂ ಏರೋಗ್ರಾಮಿನಲ್ಲಿ ಬರೆದು ಕಳಿಸುತ್ತಿದ್ದರು. ಕಡೆಯ ಸಾಲು ಮಾತ್ರ ಪ್ರತಿ ಸಲವೂ ಒಂದೇ: ಮದುವೆಯ ವಿಚಾರ ಏನು ಮಾಡಿದೆಯಪ್ಪ?

ಬದಲಾವಣೆ ಶುರುವಾದದ್ದು 1976ರ ಸುಮಾರಿಗೆ, ಏರ್‌ಫಿಕ್ಸ್ ಮತ್ತು ಮೇನ್‌ಲೈನ್ ಹೆಸರಿನ ರೈಲುಗಳು ಬಂದಾಗ. ಮೇನ್‌ಲೈನ್ ತಯಾರಾಗುತ್ತಿದ್ದದ್ದು ಹಾಂಗ್‌ಕಾಂಗಿನ ಕೇಡರ್ ಕಾರ್ಖಾನೆಯಲ್ಲಿ. ನಾವು ವಾರಗಟ್ಟಲೆ ಕೂತು ಹಾಕುತ್ತಿದ್ದ ತಂತಿಯ ಹಿಡಿಕಂಬಿ ಅದರಲ್ಲಿ ಮೊದಲೇ ಹಾಕಿತ್ತು. ಶನಿವಾರದ ಗುಂಪು ಆವತ್ತು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮುಂದೆ ಅದೇ ಕೇಡರ್ ಬಾಕ್‌ಮನ್ ಕಂಪನಿಯನ್ನು ಕೊಂಡಿತು. ಮಾರ್ಗೇಟಿನಲ್ಲಿದ್ದ ಹಾರ್ನ್‌ಬಿ ಕಂಪನಿಯ ತಯಾರಿಕೆ ತೊಂಬತ್ತರ ದಶಕದ ಉತ್ತರಾರ್ಧದಲ್ಲಿ ಚೀನಾಕ್ಕೆ ಹೋಯಿತು. ಪೂಲ್ ಊರಿನ ಗ್ರಹಾಂ ಫಾರಿಶ್ ಅಂತೂ ಇನ್ನೂ ಸಣ್ಣ, ಒಂಬತ್ತು ಮಿಲಿಮೀಟರ್ ಹಳಿಯ ರೈಲುಗಳಿಗೆ ಹೆಸರಾದದ್ದು. ಅದನ್ನೂ 2000ದಲ್ಲಿ ಬಾಕ್‌ಮನ್ ಕೊಂಡ ಮೇಲೆ ಅದೂ ಚೀನಾ ದಾರಿ ಹಿಡಿಯಿತು. ಅಲ್ಲಿನ ಕಾರ್ಖಾನೆಗಳ ಹೆಣ್ಣುಮಕ್ಕಳು ಚಿಮಟದಲ್ಲಿ ಹಿಡಿದು ಕೂರಿಸುವ ದೀಪದ ಕೊಕ್ಕೆ, ಬ್ರೇಕಿನ ಕೊಳವೆ, ಕಿಟಕಿಯ ಚೌಕಟ್ಟು ನಮ್ಮ ಗುಂಪಿನ ಅತಿ ನುರಿತ ಕೈಗೂ ಸುಲಭವಾಗಿರಲಿಲ್ಲ. ಆಮೇಲೆ ಒಳಗೊಂದು ಎಲೆಕ್ಟ್ರಾನಿಕ್ ಚಿಪ್ ಬಂದು ಇಂಜಿನ್ನು ಉಸಿರು ಬಿಡುವ ಸದ್ದನ್ನೂ ಮಾಡತೊಡಗಿತು.

ಹಳೆಯದೇ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ನಾವು ಪರಿಷ್ಕರಿಸಿದ ಇಂಜಿನ್ನುಗಳಲ್ಲಿ ಮುಕ್ಕಾಲು ಪಾಲು ಇವತ್ತಿನ ಪೆಟ್ಟಿಗೆಯ ಇಂಜಿನ್ನಿನ ಪಕ್ಕ ನಿಲ್ಲಲಾರವು. ಬಣ್ಣದ ಪದರ ದಪ್ಪ, ಅಂಟು ಸೋರಿದ ಕಲೆ, ಅಂಕೆ ಸೊಟ್ಟ. ಆದರೆ ಆ ಕೆಲಸ ಮಾಡಬೇಕಾದರೆ ನಿಜವಾದ ಇಂಜಿನ್ನನ್ನು ಓದಲೇಬೇಕಿತ್ತು. ಇಂಥ ನಂಬರಿನದಕ್ಕೆ ಯಾವ ವರ್ಷ ಚಿಮಣಿ ಬದಲಾಯಿತು, ಯಾವ ಟೆಂಡರು ಸೇರಿತು ಎಂದು ಫೋಟೋ ನೋಡಿ ಜಗಳವಾಡುತ್ತಿದ್ದೆವು. ಆ ಜಗಳ ಈಗ ಕಂಪನಿಯ ವಿನ್ಯಾಸಕಾರರ ಕೋಣೆಯೊಳಗೆ ಹೋಗಿದೆ, ಕೊಳ್ಳುವವನಿಗೆ ತೀರ್ಪು ಮಾತ್ರ ತಲುಪುತ್ತದೆ.

ಹಾರ್ವಿಚ್ ಕಾರ್ಖಾನೆ 1983ರ ಕೊನೆಯಲ್ಲಿ ಮುಚ್ಚಿತು. ನಮ್ಮ ಫಿಟ್ಟರು ಅದನ್ನು ನೋಡಿಯೇ ಹೋದರು. ನಾನು ಹೋಗುತ್ತಿದ್ದ ಅಂಗಡಿಯಲ್ಲಿ ಮೊದಲು ಮಾಯವಾದದ್ದು ಗುಬುಟು, ತಂತಿ, ಗಾಲಿಗಳ ಪುಟ್ಟ ಸೆಳೆಖಾನೆಗಳು, ಕೆಲ ವರ್ಷಗಳಲ್ಲಿ ಅಂಗಡಿಯೂ ಹೋಯಿತು. ಈಗ ಹಳೆಯ ಸಾಮಾನಿನ ಸಂತೆಗಳಲ್ಲಿ ರಟ್ಟಿನ ಡಬ್ಬಿಗಳಲ್ಲಿ ತುಂಬಿದ ಕೈಗೆಲಸದ ಇಂಜಿನ್ನುಗಳು ಬರುತ್ತವೆ. ಮಾಡಿದವರು ತೀರಿಕೊಂಡಿರುತ್ತಾರೆ, ಮನೆಯವರಿಗೆ ಅವು ಏನೆಂದು ಗೊತ್ತಿರುವುದಿಲ್ಲ. ಮುಟ್ಟದೆ ಪೆಟ್ಟಿಗೆಯಲ್ಲೇ ಇಟ್ಟ ಇಂಜಿನ್ನಿಗೆ ಹೆಚ್ಚು ಬೆಲೆ, ಕೈಯಾಡಿಸಿದ್ದಕ್ಕೆ ಕಡಿಮೆ. ಈ ಲೆಕ್ಕಾಚಾರ ನನಗೆ ಇವತ್ತಿಗೂ ಒಗ್ಗಿಲ್ಲ.

ಆದರೂ ಕಲೆ ಸತ್ತಿಲ್ಲ, ಬೇರೆ ಕೈಗೆ ಹೋಗಿದೆ. ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮೊಮ್ಮಗ ಕಂಪ್ಯೂಟರಿನಲ್ಲಿ ಚಿತ್ರ ಬರೆದು ಮೂರು ಆಯಾಮದ ಪ್ರಿಂಟರಿನಿಂದ ಇಂಜಿನ್ನಿನ ಮೈಯನ್ನೇ ಅಚ್ಚು ತೆಗೆಯುತ್ತಾನೆ, ಕೆಳಗೆ ಕಂಪನಿಯ ಚಾಸಿ ಕೂರಿಸುತ್ತಾನೆ. ನಮ್ಮ ವಿಲ್ಸ್ ಕಿಟ್ಟಿನ ಜಾಡೇ ಅದು. ಮೊನ್ನೆ ಫೋನಿನಲ್ಲಿ ಕೇಳಿದ: "ತಾತ, ವೈಪಿ ಕ್ಯಾಬಿನ ಒಳಗಿನ ಫೋಟೋ ಇದೆಯಾ? ಟೆಂಡರಿನ ಹಿಂಬದಿಯದ್ದಾದರೂ?" ಯಂತ್ರ ಇದೆ, ಕೈ ಇದೆ, ಅಳತೆ ಇಲ್ಲ. ನಾನು ನನ್ನ ಮಾವನ ಏರೋಗ್ರಾಮುಗಳನ್ನು ಸ್ಕ್ಯಾನ್ ಮಾಡಿ ಕಳಿಸಿದೆ.

ಎಂಟುನೂರಕ್ಕೂ ಮಿಕ್ಕಿ ಕಟ್ಟಿದ ವೈಪಿಯಂಥ ಇಂಜಿನ್ನುಗಳ ಮಾಹಿತಿ ನಮ್ಮ ಕಡೆ ಇರುವುದು ನಿವೃತ್ತ ಡ್ರೈವರು, ಫಿಟ್ಟರುಗಳ ಟ್ರಂಕುಗಳಲ್ಲಿ. ಓದುಗರಲ್ಲಿ ಯಾರ ಮನೆಯಲ್ಲಾದರೂ ಷೆಡ್ಡಿನ ಕೈಪಿಡಿ, ನೀಲಿನಕ್ಷೆ, ಇಂಜಿನ್ನಿನ ಮುಂದೆ ನಿಂತು ತೆಗೆಸಿಕೊಂಡ ಫೋಟೋ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ರೈಲ್ವೆ ನಿಲ್ದಾಣದ ಮುಂದೆ ಕಟ್ಟೆಯ ಮೇಲೆ ನಿಲ್ಲಿಸಿದ ಇಂಜಿನ್ನು ಕಂಡರೆ ಎದುರಿಗೆ ಸೆಲ್ಫಿ ತೆಗೆದುಕೊಂಡ ಮೇಲೆ ಹಿಂದಕ್ಕೂ ಒಮ್ಮೆ ಹೋಗಿ. ಟೆಂಡರಿನ ಹಿಂಬದಿಯನ್ನು ಯಾರೂ ತೆಗೆಯುವುದಿಲ್ಲ.